ಟೆಲ್‌ನೆಟ್ಟನ್ನು ಬೈಯುವವರಿಗೊಂದು ದೊಡ್ಡ ನಮಸ್ಕಾರ

ಆಫೀಸಿನಲ್ಲಿ "ಮೇಲ್ ಹೋಗ್ತಿಲ್ಲ ರೀ" ಅಂತ ಕೂಗೆದ್ದರೆ ಸಾಕು, ಸರ್ವರ್ ನೋಡಿಕೊಳ್ಳುವ ಹಳೇ ಹುಲಿಗಳ ಬೆರಳು ತಾನಾಗಿ ಟೆಲ್‌ನೆಟ್ ಅಂತ ಕುಟ್ಟುತ್ತದೆ. ಸೆಕ್ಯೂರಿಟಿಯವರು ಪಕ್ಕದಲ್ಲಿದ್ದರೋ, ಮುಖ ಸಿಂಡರಿಸಿ, "ಇನ್ನೂ ಅದೇನಾ ಸಾರ್?" ಅನ್ನುತ್ತಾರೆ.

ಅವರ ಸಿಟ್ಟು ಸುಳ್ಳಲ್ಲ ಬಿಡಿ. 1969ರಷ್ಟು ಹಿಂದಿನ ಈ ಮುದುಕಪ್ಪನಿಗೆ ಗುಟ್ಟು ಕಾಪಾಡಿ ಗೊತ್ತಿಲ್ಲ. ಟೈಪಿಸಿದ್ದೆಲ್ಲ ಬೆತ್ತಲೆಯಾಗಿಯೇ ತಂತಿ ಹತ್ತುತ್ತದೆ. 1995ರಲ್ಲಿ ಹೆಲ್ಸಿಂಕಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್ ಬಾಚಿಕೊಂಡಿದ್ದಕ್ಕೇ ಟಾಟು ಯುಲೋನೆನ್ ಎಸ್‌ಎಸ್‌ಎಚ್ ಬರೆದದ್ದು. ವಿಸ್ಟಾ ಬಂದಾಗಿನಿಂದ ವಿಂಡೋಸ್ ಟೆಲ್‌ನೆಟ್ಟನ್ನು ಮೂಲೆಗೆ ಕೂರಿಸಿದೆ. ಆ್ಯಪಲ್‌ನವರು 2017ರಲ್ಲಿ ಮನೆಯಿಂದಲೇ ಹೊರಗಟ್ಟಿದರು.

ಆದರೆ ಸ್ವಾಮಿ, ಪೋರ್ಟ್ 25ರ ಬಾಗಿಲಲ್ಲಿ ನಿಂತ ಮೇಲ್ ಸರ್ವರ್ ಮಾತು ಶುರುಮಾಡುವುದೇ ಬರಿಯಕ್ಷರದಲ್ಲಿ! ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟ ಎಸ್‌ಎಂಟಿಪಿಯ ಕ್ರಮ ಅದು. 220 ಎಂದರೆ "ಬನ್ನಿ, ಇದ್ದೀನಿ". 421 ಎಂದರೆ "ಈಗ ಆಗಲ್ಲ, ಆಮೇಲೆ ಬನ್ನಿ". ನಿಮ್ಮ ಮೇಲ್ ಯಾರಿಗೆ ಎಂದಾಗ 550 ಬಂತೋ, ಬಹುಪಾಲು ಅಂಥ ಪೆಟ್ಟಿಗೆಯೇ ಅಲ್ಲಿಲ್ಲ, ಇಲ್ಲವೇ ನಿಮ್ಮನ್ನು ಒಳಗೆ ಬಿಡುವ ಮನಸ್ಸಿಲ್ಲ. ಯಾವ ಸದ್ದೂ ಇಲ್ಲವೋ, ನಡುವೆ ಫೈರ್‌ವಾಲ್ ಮಲಗಿದೆಯೇ ನೋಡಿ. ಇಷ್ಟು ಕೇಳಿಕೊಂಡು ಬರಲು ಪಾಸ್‌ವರ್ಡ್ ಯಾಕೆ? ಅದನ್ನು ಹೊಡೆಯದವನಿಂದ ಕಳ್ಳ ಕದಿಯುವುದಾದರೂ ಏನನ್ನು?

ನಮ್ಮ ಹಳೇ ಹುಲಿಗಳು ಎಡವುವುದೂ ಇಲ್ಲೇ. ಜೋಶ್ ಬಂದು ಲಾಗಿನ್ನಿಗೂ ಕೈಹಾಕುತ್ತಾರೆ. ಪಾಸ್‌ವರ್ಡನ್ನು ಬೇಸ್64ಗೆ ತಿರುಗಿಸಿ, ಕಣ್ಣಿಗೆ ಅರ್ಥವಾಗದ್ದನ್ನು ಕಂಡು, "ಎನ್‌ಕ್ರಿಪ್ಟ್ ಆಗಿದೆಯಲ್ಲ" ಅಂತ ಮೀಸೆ ತಿರುವುತ್ತಾರೆ. ಅಕ್ಷರಕ್ಕೊಂದು ‘ಕ’ ಅಂಟಿಸಿ ಗುಟ್ಟು ಮಾತಾಡುವ ಮಕ್ಕಳೂ ಹೀಗೇ. ಇಡೀ ಬೀದಿಗೇ ಅದು ಅರ್ಥವಾಗುತ್ತದೆ ಅನ್ನೋದು ಅವರಿಗೆ ಮಾತ್ರ ಗೊತ್ತಿಲ್ಲ. ಬೇಸ್64 ಬಿಡಿಸಲು ಕೀಲಿ ಬೇಡ, ಒಂದು ಸಾಲಿನ ಕಮಾಂಡ್ ಸಾಕು.

"ಅದಕ್ಕೇ ಓಪನ್‌ಎಸ್‌ಎಸ್‌ಎಲ್ ಬಳಸಿ" ಅಂತಾರೆ ಸೆಕ್ಯೂರಿಟಿಯವರು. ಸರಿ, ಪೋರ್ಟ್ 587, ಸ್ಟಾರ್ಟ್‌ಟಿಎಲ್‌ಎಸ್, ಎಲ್ಲ ಭದ್ರ. ಮೇಲ್ ಯಾರಿಗೆಂದು ಹೇಳಲು ದೊಡ್ಡಕ್ಷರದಲ್ಲಿ ‘ಆರ್‌ಸಿಪಿಟಿ’ ಅಂತ ಹೊಡೆಯಿರಿ ನೋಡೋಣ! ಸಾಲಿನ ಮೊದಲ ದೊಡ್ಡ ‘ಆರ್’ ಅದಕ್ಕೆ ಬೇರೆಯದೇ ಅಪ್ಪಣೆ. ನಿಮ್ಮ ಸಾಲನ್ನು ಸರ್ವರ್‌ಗೆ ಮುಟ್ಟಿಸದೆ, ಟಿಎಲ್‌ಎಸ್ ಮಾತುಕತೆಯನ್ನೇ ಮತ್ತೆ ಮೊದಲಿಂದ ಶುರುಮಾಡಲು ಹೊರಡುತ್ತದೆ. ಸಣ್ಣಕ್ಷರದಲ್ಲಿ ಹೊಡೆದರೆ ಸುಮ್ಮನೆ ದಾಟಿಸುತ್ತದೆ. ಎಸ್‌ಎಂಟಿಪಿಗೇನು, ಎರಡೂ ಒಂದೇ. ‘ಕ್ವಿಟ್’ ಕಥೆಯೂ ಅಷ್ಟೇ. ದೊಡ್ಡ ‘ಕ್ಯೂ’ ಕಂಡದ್ದೇ, ಸರ್ವರ್‌ಗೆ ಹೋಗಿಬರ್ತೀನಿ ಅನ್ನದೆ ಎದ್ದುಹೋಗುತ್ತದೆ. ಮುದುಕಪ್ಪನಾದರೋ 221, ಅಂದರೆ ಸರ್ವರ್‌ನ "ಹೋಗಿಬನ್ನಿ", ಕೇಳಿಸಿಕೊಂಡೇ ಹೊರಡುವವನು.