ಲಯಜ್ಞರು

ಸ್ವಂತಕ್ಕೆ ಕಾರಿಲ್ಲದಿದ್ದರೂ ಪರರ ಕಾರುಗಳ ಆರೋಗ್ಯಕ್ಕಾಗಿ ಹಗಲಿರುಳೂ ಮರುಗುವ ಮಹನೀಯರೊಬ್ಬರು ಪ್ರತಿಯೊಂದು ಬೀದಿಯಲ್ಲಿಯೂ ಇದ್ದೇ ಇರುತ್ತಾರೆ. ಮೈಸೂರಿನಲ್ಲಿ ನಮ್ಮ ಬೀದಿಯ ಪಾಲಿಗೆ ಬಂದವರು, ಮೂವತ್ತು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಅನ್ಯರ ಲೆಕ್ಕದ ತಪ್ಪುಗಳನ್ನು ಹುಡುಕಿ ನಿವೃತ್ತರಾದವರು. ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ಸಂಗೀತವಾದಾಗಲೆಲ್ಲ ಮೊದಲ ಸಾಲಿನಲ್ಲಿ ಕುಳಿತು, ಮೃದಂಗದವರು ಅರ್ಧಾಕ್ಷರ ತಪ್ಪಿದರೂ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈಯನ್ನು ನಡುವೆಯೇ ತಡೆದು ನಿಲ್ಲಿಸಿ, ಕಣ್ಣಿನಿಂದಲೇ ಅವರನ್ನು ದಂಡಿಸುತ್ತಿದ್ದವರು. ಆದಕಾರಣ ಅವರು ನಮಗೆಲ್ಲ ಲಯಜ್ಞರು.

ನನ್ನಲ್ಲಿ ಆಗ 1964ರ ಅಂಬಾಸಿಡರ್ ಒಂದಿತ್ತು. ನಡುವಯಸ್ಸು ಕಳೆದ ಮನುಷ್ಯನ ಮೊಣಕಾಲು ಮಾಡುವ ಸದ್ದನ್ನು ಅದರ 1489 ಸಿ.ಸಿ. ಎಂಜಿನ್ನು ಮಾಡಲಾರಂಭಿಸಿದ್ದುದು ವಯೋಧರ್ಮವೇ ಹೊರತು ಬೇರೇನೂ ಅಲ್ಲ. ಆದರೆ ಬೆಳಿಗ್ಗೆ ನಾನು ಸ್ವಿಚ್ಚು ತಿರುಗಿಸಿದೊಡನೆ, ಪಂಚೆಯನ್ನು ಎತ್ತಿ ಕಟ್ಟಿಕೊಂಡು, ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಲಯಜ್ಞರು ಗೇಟಿನ ಬಳಿ ಪ್ರತ್ಯಕ್ಷರಾಗುತ್ತಿದ್ದರು. "ಸ್ವಲ್ಪ ರೇಸ್ ಮಾಡಿ, ಸ್ವಾಮಿ" ಎಂಬುದೇ ಅವರ ಸುಪ್ರಭಾತ.

ಅವರ ಸಿದ್ಧಾಂತ ಶಾಸ್ತ್ರೀಯವಾದದ್ದು. ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಎಂಜಿನ್ನಿಗೆ ಒಂದು ಆವರ್ತನ. ಕ್ಯಾಮು ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ, ಆವರ್ತನಕ್ಕೊಮ್ಮೆ ಟಿಕ್ಕೆನ್ನುವುದು ಮೇಲಿನ ಟ್ಯಾಪೆಟ್ಟಿನ ದೋಷ, ಸುತ್ತಿಗೊಮ್ಮೆ ದಡ್ಡೆನ್ನುವುದು ಕೆಳಗಿನ ಬೇರಿಂಗಿನ ದೋಷ. ತಣ್ಣಗಿರುವಾಗ ಬಡಿದು ಕಾದ ಮೇಲೆ ಸುಮ್ಮನಾದರೆ ಪಿಸ್ಟನ್ನು ಸಡಿಲ. ಚಾಮುಂಡಿಬೆಟ್ಟದ ಏರಿನಲ್ಲಿ ಮಾತ್ರ ಗೋಲಿ ಉದುರಿಸಿದಂತೆ ಗಲಗಲ ಎಂದರೆ, ಒಂದೋ ಪೆಟ್ರೋಲು ಕೀಳು, ಇಲ್ಲವೆ ಪ್ಲಗ್ಗು ಕಿಡಿ ಕೊಡುವುದರಲ್ಲಿ ಅವಸರ. ಇದೆಲ್ಲವೂ ಸತ್ಯವೇ. ಆದರೆ ನಿಂತಲ್ಲಿಯೇ ನಿಮಿಷಕ್ಕೆ ಆರುನೂರು ಸುತ್ತು ಸುತ್ತುವ ಯಂತ್ರಕ್ಕೆ ತಾಳ ಹಾಕಬಲ್ಲ ಕೈ ಯಾರದೆಂದು ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಒಂದು ಭಾನುವಾರ ಪರೀಕ್ಷೆ ವಿಧಿವತ್ತಾಗಿ ನಡೆಯಿತು. ಮರದ ಹಿಡಿಯ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿನ ನೆತ್ತಿಯ ಮೇಲಿಟ್ಟು, ಹಿಡಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿ, ತಂಬೂರಿಯ ಜೀವಾಳ ಹುಡುಕುವವರಂತೆ ಅವರು ಅತ್ತಿತ್ತ ಸರಿದರು. ಬಳಿಕ, ಬೇರಿಂಗು ಹೋಗಿರುವ ಸಿಲಿಂಡರಿನ ಕಿಡಿಯನ್ನು ತಪ್ಪಿಸಿದರೆ ಬಡಿತ ತಗ್ಗುವುದೆಂದು ವಿವರಿಸುತ್ತ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೀಳತೊಡಗಿ, ಮೂರನೆಯದಕ್ಕೆ ಕೈಯಿಟ್ಟಾಗ ಹೊಡೆದ ಶಾಕಿಗೆ ಎರಡು ಮಾರು ಹಿಂದಕ್ಕೆ ಹಾರಿದರು. "ಇಲ್ಲಿಯೇ ಇದೆ, ಸ್ವಾಮಿ!" ಎಂದು, ಕೈ ಕೊಡವಿಕೊಳ್ಳುತ್ತಲೇ ತೀರ್ಪಿತ್ತರು: "ಬಿಗ್ ಎಂಡ್ ಬೇರಿಂಗ್. ಎಂಜಿನ್ ಇಳಿಸಲೇಬೇಕು."

ಅವರ ತೀರ್ಪಿನಲ್ಲಿ ಎಂಜಿನ್ ಇಳಿಯದ ಕಾರು ನಮ್ಮ ಬೀದಿಯಲ್ಲಿ ಒಂದೂ ಇರಲಿಲ್ಲ. ಆದುದರಿಂದ ನಾನು ಸದ್ದಿಲ್ಲದೆ ಗ್ಯಾರೇಜಿಗೆ ಹೋದೆನು. ಮೇಸ್ತ್ರಿ ಎರಡು ನಿಮಿಷ ಕೇಳಿ, "ಬರೀ ಟ್ಯಾಪೆಟ್ ಸಾರ್" ಎಂದು ಫೀಲರ್ ಗೇಜು ತೆಗೆದನು. ಅಂಗುಲದ ಸಾವಿರದಲ್ಲಿ ಹದಿನೈದು ಪಾಲಿನಷ್ಟು ಅಂತರವಿರಬೇಕಂತೆ. ಆದರೆ ಲಯಜ್ಞರ ಬಾಯಿಗೆ ಬೀಗ ಹಾಕುವ ಛಲ ತೊಟ್ಟಿದ್ದ ನಾನು, ಸೂಜಿ ಬಿದ್ದಷ್ಟೂ ಸದ್ದಾಗಕೂಡದೆಂದು ಹಟ ಹಿಡಿದೆನು. "ಕೊಂಚ ಸೌಂಡ್ ಇರ್ಬೇಕು ಸಾರ್, ಪೂರ್ತಿ ಟೈಟ್ ಮಾಡಿದ್ರೆ ವಾಲ್ವ್ ಸುಟ್ಟೋಗತ್ತೆ" ಎಂದು ಗೊಣಗುತ್ತಲೇ ಅವನು ನನ್ನ ಹಟ ನಡೆಸಿಕೊಟ್ಟನು.

ಮರುದಿನ ಎಂಜಿನ್ನು ಮೌನವ್ರತ ಹಿಡಿದ ಯತಿಯಂತೆ ನಡೆಯುತ್ತಿತ್ತು. ಲಯಜ್ಞರು ಬಂದರು, ಬಾಗಿದರು, ಆಲಿಸಿದರು. ಅವರ ಮುಖ ಕಳೆಗುಂದಿತು. ಕಾಫಿಯ ಲೋಟವನ್ನು ಕಾಂಪೌಂಡಿನ ಮೇಲಿಟ್ಟು, ಸಾವಿನ ಮನೆಯಲ್ಲಿ ಮಾತನಾಡುವ ದನಿಯಲ್ಲಿ ನುಡಿದರು: "ಏನು ಅನ್ಯಾಯ ಮಾಡಿದಿರಿ, ಸ್ವಾಮಿ! ಸದ್ದು ಮಾಡುವ ಟ್ಯಾಪೆಟ್ಟು ದೀರ್ಘಾಯುಷಿ. ಅಂತರವೇ ಇಲ್ಲದಿದ್ದರೆ ಕಾದು ಉದ್ದವಾದ ವಾಲ್ವು ತನ್ನ ಪೀಠದ ಮೇಲೆ ಕೂರುವುದು ಹೇಗೆ? ಅದರ ಕಾವು ಇಳಿಯುವುದು ಹೇಗೆ?"

ಬಡಾವಣೆಯ ಪಂಡಿತರೂ ಗ್ಯಾರೇಜಿನ ಮೇಸ್ತ್ರಿಯೂ ಒಂದೇ ಮಾತನ್ನು ಆಡಿದ ಮೇಲೆ ನನಗೆ ಗತ್ಯಂತರವಿರಲಿಲ್ಲ. ಬಿಗಿದುದನ್ನು ಸಡಿಲಿಸುವುದಕ್ಕೆ ಮತ್ತೆ ಹಣ ತೆತ್ತು ಬಂದೆನು.

ಅಂದು ಸಂಜೆ ಟಿಕ್ ಟಿಕ್ ಎಂಬ ನಾದ ಮರಳಿ ಬಂದುದನ್ನು ಕೇಳಿ ಲಯಜ್ಞರ ಮುಖ ಅರಳಿತು. ಮಡ್‌ಗಾರ್ಡಿನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ತಲೆದೂಗುತ್ತ ಮೆಲ್ಲಗೆ ತಾಳ ಹಾಕತೊಡಗಿದರು. ಹಾಗೆ ಹಾಕುತ್ತಿದ್ದ ಕೈ ಇದ್ದಕ್ಕಿದ್ದಂತೆ ನಡುವೆಯೇ ನಿಂತಿತು. ನಾನು ಮಾತಾಡದೆ ಜೇಬನ್ನು ಮುಟ್ಟಿ ನೋಡಿಕೊಂಡೆನು.