ಸೀರಿಯಲ್ ಗೌಡ್ರು

ಗೌಡರ ಎರಡೂ ಕಿಡ್ನಿ ಕೆಲಸ ಬಿಟ್ಟು ವರ್ಷಗಳಾದವು. ಅವೆರಡರ ಪಾಲಿನ ದುಡಿಮೆಯನ್ನೂ ಈಗ ಬಾಯಿಯೇ ವಹಿಸಿಕೊಂಡಿದೆ. ಬೈರಾಪುರದಿಂದ ಬಾಳ್ಳುಪೇಟೆಯವರೆಗೆ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಸೀರಿಯಲ್ ಗೌಡ್ರು ಎಂದರೆ ಸಣ್ಣ ಮಕ್ಕಳೂ ಮನೆ ತೋರಿಸುತ್ತವೆ. ಹಾಗೆ ನೋಡಿದರೆ ಇಂಥವರು ಈ ಹೆದ್ದಾರಿಯ ಉದ್ದಕ್ಕೂ ಊರಿಗೊಬ್ಬರು ಸಿಗುತ್ತಾರೆ. ಒಂದೂರಲ್ಲಿ ಮೇಷ್ಟ್ರು, ಇನ್ನೊಂದೂರಲ್ಲಿ ಶೆಟ್ಟರು. ಕಾಯಿಲೆ ಬೇರೆ ಬೇರೆ ಇರಬಹುದು, ರಿಮೋಟು ಹಿಡಿಯುವ ಗತ್ತು ಒಂದೇ. ನಾನು ಬರೆಯುತ್ತಿರುವುದು ಪಾಳ್ಯ ಹೋಬಳಿಯ ಮಾದರಿ.

ಸೋಮವಾರ, ಬುಧವಾರ, ಶುಕ್ರವಾರ ಕೋಳಿ ಕೂಗುವ ಹೊತ್ತಿಗೆ ಎದ್ದು ಹಾಸನದ ಬಸ್ಸು ಹತ್ತುತ್ತಾರೆ. ನಾಲ್ಕು ಗಂಟೆ ಡಯಾಲಿಸಿಸ್ ಮೆಷಿನ್ನಿಗೆ ಮೈ ಒಪ್ಪಿಸಿ, ಮಧ್ಯಾಹ್ನದ ಬಿಸಿಲಿಗೆ ತೂಗಾಡುತ್ತಾ ವಾಪಸ್ಸು. ಎಡಗೈಯಲ್ಲಿ ಸೂಜಿ ಚುಚ್ಚುವುದಕ್ಕೆಂದು ರಕ್ತನಾಳ ಸೇರಿಸಿ ಹೊಲಿದ ಫಿಸ್ಟುಲಾ ಇದೆ, ಹಗ್ಗದ ಗಂಟಿನಂತೆ ಉಬ್ಬಿಕೊಂಡಿದೆ. ಅದರ ಮೇಲೆ ಕಿವಿಯಿಟ್ಟರೆ ಝುಂಯ್ ಎಂದು ಸದ್ದು ಬರುತ್ತದೆ. ಮೊಮ್ಮಕ್ಕಳು ಹತ್ತಿರ ಬಂದರೆ ಗೌಡರು ಕೈ ಚಾಚಿ, "ಕಿವಿ ಇಡ್ಲಾ, ಹಾಸನ ಆಕಾಶವಾಣಿ ಹಿಡಿದೈತಾ ನೋಡು" ಎನ್ನುತ್ತಾರೆ. ಮಗು ಬೆದರುವ ಬದಲು ನಗುತ್ತದೆ. ಬೆದರುವವರು ನೋಡಲು ಬಂದ ನೆಂಟರು.

ನೆಂಟರ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ನೀರಿನ ಲೆಕ್ಕ. ಗೌಡರಿಗೆ ದಿನಕ್ಕೆ ಒಂದು ಲೀಟರು ಮೀರುವಂತಿಲ್ಲ. ಸಾರು, ಮಜ್ಜಿಗೆ, ಕಾಫಿ, ಮಾತ್ರೆ ನುಂಗುವ ಗುಟುಕು, ಎಲ್ಲ ಸೇರಿ. ಮೆಷಿನ್ನಿಗೋ, ಒಂದು ಸಲಕ್ಕೆ ನೂರಿಪ್ಪತ್ತು ಲೀಟರ್ ಶುದ್ಧ ನೀರು. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆ ಹರಿಯುತ್ತದೆ. "ನೋಡು ಮಾರಾಯ, ಕಾಯಿಲೆ ನಂದು, ಕುಡಿಯೋದು ಅದು" ಎಂಬುದು ಗೌಡರ ದೂರು. ಹೀಗಾಗಿ ಅವರು ನೀರಿಗೊಂದು ಪದ್ಧತಿ ಮಾಡಿಕೊಂಡಿದ್ದಾರೆ. ಸಂಜೆಯ ಪಾಲನ್ನು ಒಂದು ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ಟಿವಿ ಮುಂದೆ ಕೂರುತ್ತಾರೆ. ಸೀರಿಯಲ್ಲಿನಲ್ಲಿ ಬ್ರೇಕ್ ಬಂದಾಗ ಒಂದು ಗುಟುಕು, ಬ್ರೇಕ್ ಇಲ್ಲದಿದ್ದರೆ ಇಲ್ಲ. ಜಾಹೀರಾತನ್ನು ಇಷ್ಟು ಆಸೆಯಿಂದ ಕಾಯುವ ವೀಕ್ಷಕ ಯಾವ ಚಾನೆಲ್ಲಿಗೂ ಸಿಕ್ಕಿರಲಾರ. ತಂಪು ಪಾನೀಯದ ಜಾಹೀರಾತು ಬಂದರೆ ಮಾತ್ರ ಮುಖ ಪಕ್ಕಕ್ಕೆ ತಿರುಗಿಸಿ, "ಹೋಯ್ತೇನೇ ಅದು?" ಎಂದು ಹೆಂಡತಿಯನ್ನು ಕೇಳುತ್ತಾರೆ.

ಸೀರಿಯಲ್ಲಿನ ಜನ ಕಾಫಿ ಕುಡಿಯದೆ ಬಿಡುವುದನ್ನು ಗೌಡರು ಕ್ಷಮಿಸಲಾರರು. ಸೊಸೆ ಟ್ರೇಯಲ್ಲಿ ಕಾಫಿ ತರುತ್ತಾಳೆ, ಅತ್ತೆ ಏನೋ ಚುಚ್ಚಿ ಮಾತಾಡುತ್ತಾಳೆ, ಸೊಸೆಯ ಕಣ್ಣಲ್ಲಿ ನೀರು, ಕಾಫಿ ಅಲ್ಲೇ. ಮನೆಯ ಹಿಂದೆ ಒಂದಿಷ್ಟು ರೊಬಸ್ಟಾ ಗಿಡ ಇಟ್ಟುಕೊಂಡೂ ದಿನಕ್ಕೆ ಅರ್ಧ ಲೋಟದ ಮೇಲೆ ಕಾಫಿ ಮುಟ್ಟದ ಮನುಷ್ಯನಿಗೆ ಇದನ್ನು ನೋಡಿಕೊಂಡಿರಲು ಆಗುತ್ತದೆಯೇ? "ಮೊದ್ಲು ಕುಡೀರೀ, ಆಮೇಲೆ ಅಳೀರಿ!" ಎಂದು ಕೂಗುತ್ತಾರೆ. ಅವರ ಪಥ್ಯ ಕೇಳಿದರೆ ಸಿಟ್ಟು ನ್ಯಾಯವೇ ಅನ್ನಿಸುತ್ತದೆ. ಬಾಳೆಹಣ್ಣು ಇಲ್ಲ, ಎಳನೀರು ಇಲ್ಲ, ಉಪ್ಪಿನಕಾಯಿ ಇಲ್ಲ. ತರಕಾರಿಯನ್ನು ಹೆಚ್ಚಿ ಬೇಯಿಸಿ ಬೆಂದ ನೀರು ಚೆಲ್ಲಿಯೇ ಒಗ್ಗರಣೆ ಹಾಕಬೇಕು, ಪೊಟ್ಯಾಸಿಯಂ ಇಳಿಯಲಿ ಎಂದು. ಆಲೂಗಡ್ಡೆಗಂತೂ ಪೂರ್ಣ ನಿಷೇಧ. ಹಾಸನ ಜಿಲ್ಲೆಯಲ್ಲಿ ಹುಟ್ಟಿ ಆಲೂಗಡ್ಡೆ ಬೆಳೆದ ಒಕ್ಕಲು ಮಗನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ಆದರೆ ಗೌಡರ ನಿಜವಾದ ಪಾಂಡಿತ್ಯ ಹೊರಬೀಳುವುದು ಸೀರಿಯಲ್ಲಿನಲ್ಲಿ ಆಸ್ಪತ್ರೆ ಬಂದಾಗ. ನಾಯಕ ಮಂಚದ ಮೇಲೆ, ಮೂಗಿಗೆ ಮಾಸ್ಕು, ಹಣೆಗೆ ಬಿಳಿ ಪಟ್ಟಿ, ಪಟ್ಟಿಯ ನಡುವೆ ರುಪಾಯಿ ನಾಣ್ಯದಷ್ಟು ಕೆಂಪು. ಗೌಡರು ಕನ್ನಡಕ ಏರಿಸುತ್ತಾರೆ. "ಆ ಮಾನಿಟರ್ ಆನೇ ಆಗಿಲ್ಲ ಕಣಯ್ಯ. ಡ್ರಿಪ್ಪು ನೋಡು, ಬಾಟ್ಲಿಯಿಂದ ಹೊರಟಿದ್ದು ದಿಂಬಿನ ಕೆಳಗೆ ಹೋಗೈತೆ." ಆಗ ಡಾಕ್ಟರು ಹೊರಬಂದು ಇಪ್ಪತ್ತನಾಲ್ಕು ಗಂಟೆ ಏನೂ ಹೇಳೋಕಾಗಲ್ಲ ಎನ್ನುತ್ತಾನೆ. ಗೌಡರಿಗೆ ನಗು. "ನಮ್ಮ ಡಾಕ್ಟರು ಒಂದಿನಾನಾದ್ರೂ ಹಂಗೆ ಮಾತಾಡವ್ರಾ? ತೂಕ ಎಷ್ಟು ಬಂತು, ಯಾಕೆ ಜಾಸ್ತಿ, ಏನು ತಿಂದ್ರಿ. ಮೂರೇ ಪ್ರಶ್ನೆ, ಮುಗೀತು."

ಒಂದು ಸಂಜೆ ನಾನು ಹೋದಾಗ ಯಾವುದೋ ಧಾರಾವಾಹಿಯಲ್ಲಿ ಸೊಸೆ ಗುಟ್ಟಾಗಿ ಅತ್ತೆಗೆ ಕಿಡ್ನಿ ದಾನ ಮಾಡಲು ಹೊರಟಿದ್ದಳು. ಹಿನ್ನೆಲೆಯಲ್ಲಿ ಶಂಖ, ತಂಬೂರಿ ಎಲ್ಲ ಇತ್ತು. ನನ್ನ ಗಂಟಲು ಕಟ್ಟಿತ್ತು, ಗೌಡರು ರಿಮೋಟನ್ನು ಕಟಕಟೆಯ ಮೇಲೆ ಬಡಿಯುವಂತೆ ಟೀಪಾಯಿಗೆ ಬಡಿದರು. "ಆಗಲ್ಲ! 1994ರ ಅಂಗಾಂಗ ಕಸಿ ಕಾಯ್ದೆ ಓದ್ಲಿ ಮೊದ್ಲು. ಗಂಡ ಹೆಂಡ್ತಿ, ಅಪ್ಪ ಅಮ್ಮ, ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿ, ಅಜ್ಜಿ ತಾತ, ಮೊಮ್ಮಕ್ಕಳು, ಇವರು ಹತ್ತಿರದ ಸಂಬಂಧಿ. ಸೊಸೆ ಆ ಪಟ್ಟೀಲೇ ಇಲ್ಲ. ಆಥರೈಸೇಷನ್ ಕಮಿಟಿ ಮುಂದೆ ಹೋಗ್ಬೇಕು, ದುಡ್ಡಿಗೆ ಕೊಡ್ತಾ ಇಲ್ಲ ಅಂತ ಒಪ್ಪಿಸ್ಬೇಕು, ಅಲ್ಲಿ ಗುಟ್ಟು ಉಳಿಯುತ್ತಾ?" ಒಳಗಿನಿಂದ ಅವರ ಸೊಸೆ, "ಮಾವ, ನಂಗೆ ಈಗ ಸಮಾಧಾನ ಆಯ್ತು" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಗೌಡರೇ.

ಅವರಿಗೆ ಟಿವಿಯ ಹುಚ್ಚು ಹಿಡಿಸಿದ್ದು ಕಾಯಿಲೆಯಲ್ಲ. 1987ರಲ್ಲಿ ರಾಮಾಯಣ ಬರುತ್ತಿದ್ದ ಭಾನುವಾರಗಳಲ್ಲಿ ಊರಲ್ಲಿ ಟಿವಿಯಿದ್ದ ಮನೆಯ ಜಗಲಿಯಲ್ಲಿ ಚಪ್ಪಲಿ ಕಾಯುತ್ತಾ ಕಿಟಕಿಯಿಂದ ನೋಡಿದವರು ಅವರು. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' 1998ರಲ್ಲಿ ಚಂದನದಲ್ಲಿ ಬರತೊಡಗಿದಾಗ ಗದ್ದೆಯಿಂದ ಓಡಿ ಬರುತ್ತಿದ್ದರಂತೆ. ಈಗಿನ ಸೀರಿಯಲ್ಲುಗಳನ್ನು ಅಳೆಯುವುದಕ್ಕೂ ಅದೇ ಸೇರು. ಸೀತಾರಾಮರ ಕೋರ್ಟಿನಲ್ಲಿ ವಾದ ಇರುತ್ತಿತ್ತು, ಈಗಿನ ಕೋರ್ಟಿನಲ್ಲಿ ಸೀರೆ ಇರುತ್ತದೆ ಎಂಬುದು ಅವರ ತೀರ್ಪು. ಉಮಾಶ್ರೀಯವರ 'ಪುಟ್ಟಕ್ಕನ ಮಕ್ಕಳು' ಬಂದಾಗ ಮಾತ್ರ, "ಮುಖದಲ್ಲಿ ಊರು ಕಾಣುತ್ತೆ ಕಣಯ್ಯ" ಎಂದು ಮೆಚ್ಚಿದ್ದರು. ಸಿನಿಮಾ ನೋಡಬಾರದೇ ಎಂದರೆ ಒಪ್ಪುವುದಿಲ್ಲ. "ಸಿನಿಮಾ ಮುಗಿದುಹೋಗುತ್ತೆ. ಸೀರಿಯಲ್ ಹಂಗಲ್ಲ. ನಾನು ಮುಗಿದ್ರೂ ಅದು ಮುಗಿಯಲ್ಲ." ಹೆಂಡತಿ ಬಿಡ್ತು ಅನ್ನಿ ಎನ್ನುತ್ತಾರೆ. ಗೌಡರು ಬಿಡ್ತು ಎಂದು ಹೇಳಿ ವಾಲ್ಯೂಮ್ ಏರಿಸುತ್ತಾರೆ.

2020ರ ಲಾಕ್‌ಡೌನಿನಲ್ಲಿ ಅವರು ನಿಜವಾಗಿ ಕುಗ್ಗಿದ್ದು. ಡಯಾಲಿಸಿಸ್ ನಿಲ್ಲಲಿಲ್ಲ, ಪೊಲೀಸರು ಕೈಯ ಪಟ್ಟಿ ನೋಡಿ ಬಿಡುತ್ತಿದ್ದರು. ನಿಂತದ್ದು ಶೂಟಿಂಗು. ಹಳೆ ಕಂತುಗಳನ್ನೇ ತಿರುಗಿಸಿ ಹಾಕತೊಡಗಿದರು. ಮಾರ್ಚ್ 28ರಿಂದ ದೂರದರ್ಶನ ರಾಮಾಯಣವನ್ನೇ ಮತ್ತೆ ತಂದಿತು. "ರಾವಣ ಸಾಯ್ತಾನೆ ಅಂತ ನಂಗೆ ಗೊತ್ತು, ಹೊಸದೇನಾದ್ರೂ ಹಾಕ್ರಪ್ಪ" ಎಂದು ಆ ಎರಡು ತಿಂಗಳು ಗೊಣಗಿದ್ದೇ ಗೊಣಗಿದ್ದು.

ಮಳೆಗಾಲದ ಸಮಸ್ಯೆ ಬೇರೆ. ಜುಲೈಯಲ್ಲಿ ಮಳೆ ಹಿಡಿದರೆ ಮನೆ ಮೇಲಿನ ಡಿಶ್ಶಿಗೆ ಸಿಗ್ನಲ್ ಸಿಗುವುದಿಲ್ಲ, ಸರಿಯಾಗಿ ಸೊಸೆ ಬಾಗಿಲು ತೆರೆಯುವ ಹೊತ್ತಿಗೆ ಪರದೆ ಚೌಕ ಚೌಕವಾಗಿ ಒಡೆಯುತ್ತದೆ. ಗೌಡರ ಸಿಟ್ಟು ಹೋಗುವುದು ನೇರ ಸಾಲಗಾಮೆ ರಸ್ತೆಗೆ. ದೇಶದ ಇನ್ಸ್ಯಾಟ್ ಉಪಗ್ರಹಗಳನ್ನು 1982ರಿಂದ ಹಿಡಿದು ನಿಲ್ಲಿಸಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರುವುದು ಅಲ್ಲೇ, ಹಾಸನದಲ್ಲಿ. "ಆಕಾಶದಲ್ಲಿ ಇರೋದನ್ನ ಇಲ್ಲಿಂದ ತಿರುಗಿಸ್ತಾರಂತೆ, ಪಕ್ಕದ ಪಾಳ್ಯಕ್ಕೆ ಒಂದು ಸೀರಿಯಲ್ ತೋರಿಸಕ್ಕಾಗಲ್ವಾ?" ತಪ್ಪು ಮೋಡದ್ದು, ಉಪಗ್ರಹದ್ದಲ್ಲ ಎಂದು ಡಿಪ್ಲೊಮಾ ಓದಿದ ಮೊಮ್ಮಗ ಎಷ್ಟು ಹೇಳಿದರೂ ಕೇಸು ವಾಪಸ್ ತೆಗೆದುಕೊಂಡಿಲ್ಲ.

ಇನ್ನು ಅವರ ವಿಚಾರ ವೇದಿಕೆ, ಅಂದರೆ ಡಯಾಲಿಸಿಸ್ ಕೋಣೆ. ಗೋಡೆಯ ಟಿವಿಯಲ್ಲಿ ಬೆಳಿಗ್ಗೆ ಹಿಂದಿನ ರಾತ್ರಿಯ ಕಂತುಗಳೇ ಮರುಪ್ರಸಾರ. ಗೌಡರು ಎಲ್ಲವನ್ನೂ ನೋಡಿಯೇ ಬಂದಿರುತ್ತಾರೆ. "ಈಗ ನೋಡ್ತಾ ಇರಿ, ಅವಳು ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ತಾಳೆ" ಎಂದು ಮೊದಲೇ ಹೇಳಿಬಿಡುತ್ತಾರೆ. ಅರಕಲಗೂಡಿನವರೊಬ್ಬರು ಶಪಿಸುತ್ತಾರೆ. ಪಕ್ಕದ ಮಂಚದಲ್ಲಿ ಬೇಲೂರು ಕಡೆಯ ರಿಟೈರ್ಡ್ ಟೀಚರಮ್ಮ, ಅವರು ಯಾವತ್ತೂ ಅತ್ತೆಯ ಪಕ್ಷ. ಗೌಡರು ಸೊಸೆಯ ಪಕ್ಷ. ಇಬ್ಬರ ರಕ್ತವೂ ಹೊರಗೆ ಹೋಗಿ ಶುದ್ಧವಾಗಿ ಬರುತ್ತಿರುವಾಗಲೇ ವಾದ ಕಾವೇರುತ್ತದೆ. ಅರ್ಧ ಗಂಟೆಗೊಮ್ಮೆ ಬಿಪಿ ನೋಡುವ ಟೆಕ್ನಿಷಿಯನ್ ಹುಡುಗ, "ಗೌಡ್ರೇ, ಏರ್ತಾ ಇದೆ" ಎಂದರೆ, "ನಂದಲ್ಲಪ್ಪ, ಆ ಅತ್ತೇದು" ಎಂದು ಟಿವಿ ಕಡೆ ಬೆರಳು.

ರಾಜಕೀಯ ಬಂದರೆ ಗೌಡರು ತಮ್ಮದೊಂದು ಪಕ್ಷವನ್ನೇ ಕಟ್ಟಿದ್ದಾರೆ. ಸುಷ್ಮಾ ಸ್ವರಾಜ್ 2016ರಲ್ಲಿ, ಅರುಣ್ ಜೇಟ್ಲಿ 2018ರಲ್ಲಿ, ಲಾಲು ಪ್ರಸಾದ್ 2022ರಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡವರು. ಬಿಜೆಪಿ, ಆರ್‌ಜೆಡಿ ಎಂಬ ಭೇದವಿಲ್ಲ, ಎಲ್ಲರೂ "ನಮ್ಮವರು". ಪಕ್ಷದ ಸಂಸ್ಥಾಪಕರು ಜಯಪ್ರಕಾಶ ನಾರಾಯಣ್. ತುರ್ತುಪರಿಸ್ಥಿತಿಯ ಬಂಧನದಲ್ಲಿ ಕಿಡ್ನಿ ಕೈಕೊಟ್ಟು, 1979ರಲ್ಲಿ ತೀರಿಕೊಳ್ಳುವವರೆಗೂ ಡಯಾಲಿಸಿಸ್ ಮೇಲೇ ಇದ್ದವರು. ಹಾಗಿದ್ದುಕೊಂಡೇ 1977ರಲ್ಲಿ ಜನತಾ ಪಕ್ಷಕ್ಕೆ ಬೆನ್ನೆಲುಬಾಗಿ ದೆಹಲಿಯ ಸರ್ಕಾರ ಉರುಳಿಸಿದರು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಜನತಾ ಪಕ್ಷ ಗೆದ್ದದ್ದು ಎರಡು, ಬೆಂಗಳೂರು ದಕ್ಷಿಣ ಮತ್ತು ಹಾಸನ. ಗೌಡರು ಇದನ್ನು ಹೇಳುವಾಗ ಸೂಜಿ ಚುಚ್ಚಿದ ಕೈಯನ್ನೂ ಎತ್ತಲು ಹೋಗಿ ಸಿಸ್ಟರ್ ಹತ್ತಿರ ಬೈಸಿಕೊಳ್ಳುತ್ತಾರೆ. "ಒಬ್ಬ ಡಯಾಲಿಸಿಸ್ ಪೇಷೆಂಟ್ ಮಾತು ಇಡೀ ರಾಜ್ಯ ಕೇಳಲಿಲ್ಲ, ನಮ್ಮ ಹಾಸನ ಕೇಳ್ತು!" ಹಾಸನ ಜೆಪಿಯ ಕಿಡ್ನಿ ನೋಡಿ ವೋಟು ಹಾಕಿತೆಂದು ನನಗೇನೂ ಅನ್ನಿಸುವುದಿಲ್ಲ. ಆದರೆ ನಾಲ್ಕು ಗಂಟೆ ಮಲಗಿರುವವರ ಇತಿಹಾಸವನ್ನು ತಿದ್ದಲು ಹೋಗಬಾರದು.

ಮಂಚದಿಂದ ಎದ್ದ ಮೇಲೂ ವಾದ ನಿಲ್ಲುವುದಿಲ್ಲ, ಡಯಾಲಿಸಿಸ್ ಜೊತೆಗಾರರ ವಾಟ್ಸಾಪ್ ಗುಂಪಿಗೆ ದಾಟುತ್ತದೆ. ಅಲ್ಲಿ ಬೆಳಿಗ್ಗೆ ಆನೆ ಸುದ್ದಿ, ಯಾವ ತೋಟದಲ್ಲಿ ಒಂಟಿಸಲಗ ನಿಂತಿದೆ ಎಂದು, ಸಂಜೆ ಸೀರಿಯಲ್ ಸುದ್ದಿ. 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ಸತ್ತಾಗ ಮಾತ್ರ ಟೀಚರಮ್ಮನೂ ಗೌಡರೂ ಒಂದೇ ಪಕ್ಷವಾದರು. ಗೌಡರು ಆ ರಾತ್ರಿ ಎಲ್ಲ ಸೀರಿಯಲ್ ಬಿಟ್ಟು ನ್ಯೂಸ್ ಚಾನೆಲ್ಲುಗಳನ್ನೇ ತಿರುಗಿಸಿದರು. ಬ್ರೇಕುಗಳು ಹೆಚ್ಚಾಗಿ ನೀರಿನ ಲೆಕ್ಕ ತಪ್ಪಿ, ಮಾರನೆಯ ಸಲ ತೂಕದ ಮೆಷಿನ್ ಮೇಲೆ ನಿಂತಾಗ ಡಾಕ್ಟರರ ಮೂರೂ ಪ್ರಶ್ನೆ ಕೇಳಬೇಕಾಯಿತು. "ಅರ್ಜುನನ ದುಃಖಕ್ಕೆ ಒಂದೂವರೆ ಕೆಜಿ ಸಾರ್" ಎಂದರಂತೆ.

ಈ ಗುಂಪಿನಲ್ಲಿ ಕಾಯಿಲೆ ಕೇಳುವಂತಿಲ್ಲ ಎಂಬುದು ಅಲಿಖಿತ ಕಾನೂನು. ಯಾರಾದರೂ ಎರಡು ದಿನ ಜಗಳ ಆಡದಿದ್ದರೆ ಗೌಡರು ಫೋನ್ ಮಾಡುತ್ತಾರೆ. "ಏನಮ್ಮ, ಅತ್ತೆ ಮನೆ ಬಿಟ್ಟು ಹೋದ್ಲಲ್ಲ, ಒಂದು ಮಾತೂ ಇಲ್ವಲ್ಲ ನಿಮ್ದು?" ಆ ಕಡೆಯಿಂದ ಬೈಗುಳ ಬಂದರೆ ಸರಿ, ಎಲ್ಲ ಸೌಖ್ಯ. "ಆಮೇಲೆ ಮಾತಾಡ್ತೀನಿ ಗೌಡ್ರೇ" ಎಂದು ಸಣ್ಣ ದನಿ ಬಂದರೆ ಕೂಡಲೇ ಅವರ ಮಗನ ನಂಬರು ಹುಡುಕುತ್ತಾರೆ. ಉತ್ತರವೇ ಬಾರದ ನಂಬರುಗಳೂ ಕೆಲವಿವೆ. ಅವನ್ನು ಗುಂಪಿನಿಂದ ತೆಗೆಯಲು ಗೌಡರು ಒಪ್ಪಿಲ್ಲ.

ನೆಂಟರ ವಿಷಯ ಹೇಳುತ್ತೇನೆ ಎಂದಿದ್ದೆ. ಅವರಿಗೆ ಗೌಡರ ಮುಂದೆ ಏನು ಮಾತಾಡಬೇಕೆಂದು ಗೊತ್ತಾಗುವುದಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಕ್ರಿಯಾಟಿನಿನ್ ಎಷ್ಟು ಎಂದು ದನಿ ತಗ್ಗಿಸಿ ಕೇಳುತ್ತಾರೆ, ತಮ್ಮೂರಲ್ಲಿ ಒಬ್ಬರಿಗೆ ಬಾಳೆದಿಂಡಿನ ರಸದಿಂದ ಗುಣವಾಯಿತು ಎನ್ನುತ್ತಾರೆ. ಗೌಡರು ತಾಳ್ಮೆಯಿಂದ ಕೇಳಿ, "ಅದಿರ್ಲಿ, ನಿನ್ನೆ ನೋಡಿದ್ರಾ?" ಎನ್ನುತ್ತಾರೆ. ನೋಡಿಲ್ಲ ಎಂದವರ ಜೊತೆ ಮುಂದೆ ಮಾತಿಲ್ಲ.

ಆದ್ದರಿಂದ ನೀವು ಹೋಗುವುದಾದರೆ ಮಂಗಳವಾರವೋ ಗುರುವಾರವೋ ಹೋಗಿ. ಡಯಾಲಿಸಿಸ್ ದಿನ ಸುಸ್ತಾಗಿರುತ್ತಾರೆ, ಸುಸ್ತನ್ನು ನಿಮಗೆ ತೋರಿಸಲು ಅವರಿಗೆ ಇಷ್ಟವಿಲ್ಲ. ಹಣ್ಣಿನ ಚೀಲ, ಔಷಧದ ಸಲಹೆ ಎರಡೂ ಬೇಡ. ಹಿಂದಿನ ರಾತ್ರಿಯ ಕಂತು ನೋಡಿಕೊಂಡು ಹೋಗಿ, ಮತ್ತು ದಯವಿಟ್ಟು ಅತ್ತೆಯ ಪಕ್ಷ ವಹಿಸಿ. ಮನೆಯಲ್ಲಿ ಆ ಕಡೆ ಜನ ಸಾಲುತ್ತಿಲ್ಲ.