ತಿರುವಿನಲ್ಲಿ ಸಂಧಿ: 2021ರ ಫಾರ್ಮುಲಾ ಒನ್ ಓಟಕ್ಕೊಂದು ವ್ಯಾಕರಣ

ಪೀಠಿಕೆ

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಬರೆಯುವಾಗ ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ಕಾರು ಇರಲಿಲ್ಲ. ಈ ಒಂದು ಸಣ್ಣ ಕಾರಣಕ್ಕೆ ಆತನ ಸಂಧಿಪ್ರಕರಣದಲ್ಲಿ ಫಾರ್ಮುಲಾ ಒನ್ ಬಿಟ್ಟುಹೋಗಿದೆ. ಅಂದಿನಿಂದ ಇಂದಿನವರೆಗೆ ಯಾವ ಟೀಕಾಕಾರನೂ ತುಂಬದ ಆ ಕೊರತೆಯನ್ನು ನೀಗುವ ಭಾರ, ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಂಧಿ ಬಿಡಿಸಿ ನಿವೃತ್ತನಾಗಿ, ಭಾನುವಾರದ ಸಂಜೆಗಳನ್ನು ಮೊಮ್ಮಗನ ಪಕ್ಕ ಟಿವಿ ಮುಂದೆ ಕಳೆಯುವ ಈ ಬಡ ಪಂಡಿತನ ಹೆಗಲಿಗೆ ಬಿದ್ದಿದೆ.

ಆಕರವಾಗಿ ಆರಿಸಿಕೊಂಡದ್ದು 2021ರ ಋತು. ಒಟ್ಟು 22 ಓಟ. ಮರ್ಸಿಡಿಸ್‌ನ ಲೂಯಿಸ್ ಹ್ಯಾಮಿಲ್ಟನ್, ರೆಡ್‌ಬುಲ್‌ನ ಮ್ಯಾಕ್ಸ್ ವರ್ಸ್ಟಾಪನ್ ಇಬ್ಬರೂ ಕೊನೆಯ ಓಟಕ್ಕೆ ಬಂದಾಗ ತಲಾ 369.5 ಅಂಕ. ಆ ಅರ್ಧ ಅಂಕ ಎಲ್ಲಿಂದ ಬಂತು ಎಂಬುದನ್ನು ಐದನೆಯ ಪ್ರಕರಣದಲ್ಲಿ ಸಪ್ರಮಾಣವಾಗಿ ನಿರೂಪಿಸಲಾಗುವುದು. ಓದುಗರು ಅಲ್ಲಿಯವರೆಗೆ ಯಾರನ್ನೂ ಹಿಂದಿಕ್ಕದೆ ಸಾಲಾಗಿ ಬರತಕ್ಕದ್ದು.

1. ಸಂಧಿಲಕ್ಷಣ

ಎರಡು ವರ್ಣಗಳು ಕಾಲವಿಳಂಬವಿಲ್ಲದೆ ಸೇರುವುದು ಸಂಧಿ. ಇದು ಎಂಟನೆಯ ತರಗತಿಯವರಿಗೂ ಗೊತ್ತು. ಆ ವರ್ಷದ ಓಟದ ನಿಯಮಪುಸ್ತಕವೂ ಇದನ್ನೇ ಹೇಳುತ್ತಿತ್ತು, ಕೊಂಚ ಉದ್ದವಾಗಿ. ಮುಂದಿನ ಕಾರಿಗೂ ಹಿಂದಿನ ಕಾರಿಗೂ ಗೊತ್ತುಪಡಿಸಿದ ಗೆರೆಯಲ್ಲಿ ಒಂದು ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಹಿಂದಿನವನು ತನ್ನ ಬೆನ್ನ ರೆಕ್ಕೆಯ ಪಟ್ಟಿಯನ್ನು ತೆರೆದು, ಗಾಳಿಯ ತಡೆ ತಗ್ಗಿಸಿಕೊಂಡು ಮುನ್ನುಗ್ಗಬಹುದಿತ್ತು. ಒಂದು ಸೆಕೆಂಡು ದಾಟಿದರೆ ಕಾಲವಿಳಂಬ; ರೆಕ್ಕೆ ತೆರೆಯುತ್ತಿರಲಿಲ್ಲ, ಸಂಧಿಯೂ ಆಗುತ್ತಿರಲಿಲ್ಲ.

“ತಾತಾ, ಅದಕ್ಕೆ ಡಿಆರ್‌ಎಸ್ ಅಂತಾರೆ” ಎಂದ ಮೊಮ್ಮಗ. ಹಾಗಾದರೆ ಅಂಪೈರ್ ಎಲ್ಲಿ ಎಂದು ಕೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಮುಂದಿರುವ ಕಾರು ಪೂರ್ವಪದ, ಹಿಂದಿರುವುದು ಉತ್ತರಪದ, ಅವು ಕೂಡುವ ತಿರುವೇ ಸಂಧಿಸ್ಥಾನ. ಇಷ್ಟನ್ನು ಒಪ್ಪಿದವರಿಗೆ ಮುಂದಿನದೆಲ್ಲ ಸುಲಭ. ಒಪ್ಪದವರಿಗೆ ಓಟ ನೋಡುವ ಹಕ್ಕು ಇದ್ದೇ ಇದೆ.

2. ಸವರ್ಣದೀರ್ಘ

ಒಂದೇ ಜಾತಿಯ ಎರಡು ಸ್ವರಗಳು ಸೇರಿದರೆ ದೀರ್ಘ ಬರುತ್ತದೆ. ‘ಸವರ್ಣ’ವೆಂದರೆ ಒಂದೇ ಬಣ್ಣದ್ದು ಎಂಬ ಅರ್ಥವೂ ಉಂಟು, ನನ್ನ ಹಿಂದಿನವರು ಅದರತ್ತ ಗಮನ ಕೊಡದಿದ್ದುದು ವಿಷಾದನೀಯ. ಆ ವರ್ಷ ಮರ್ಸಿಡಿಸ್‌ನ ಎರಡು ಕಾರುಗಳಿಗೂ ಕಪ್ಪು ಬಣ್ಣ. ಮೇ 2ರಂದು ಪೋರ್ಚುಗಲ್‌ನಲ್ಲಿ ಹ್ಯಾಮಿಲ್ಟನ್ ತಮ್ಮದೇ ತಂಡದ ವಾಲ್ಟೇರಿ ಬೊಟಾಸ್‌ರನ್ನು ಮೊದಲ ತಿರುವಿನ ಹೊರಮಗ್ಗುಲಿನಿಂದ ಬಳಸಿ ಹಿಂದಿಕ್ಕಿದರು. ಹೊರಮಗ್ಗುಲು ಉದ್ದದ ದಾರಿ. ಅಲ್ಲಿಗೆ ದೀರ್ಘ ಬಂತು. ಓಟವನ್ನೂ ಹ್ಯಾಮಿಲ್ಟನ್ನರೇ ಗೆದ್ದರು. ಸಂಧಿಯಲ್ಲಿ ಯಾರಿಗೂ ಗಾಯವಿಲ್ಲ, ಬೊಟಾಸ್‌ರ ಮನಸ್ಸಿಗೆ ಆಗಿದ್ದರೆ ಅದು ವ್ಯಾಕರಣದ ವ್ಯಾಪ್ತಿಗೆ ಬಾರದು.

3. ಲೋಪಸಂಧಿ

ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ. ಪೂರ್ವಪದದ ಕೊನೆಯ ಸ್ವರ ಬಿದ್ದುಹೋಗುತ್ತದೆ. ಆದರೆ ಒಂದು ಕಟ್ಟುಪಾಡು: ಅರ್ಥ ಕೆಡುವಂತಿದ್ದರೆ ಲೋಪ ಮಾಡಕೂಡದು.

ಜುಲೈ 18, ಸಿಲ್ವರ್‌ಸ್ಟೋನ್, ಮೊದಲ ಸುತ್ತು. ಕಾಪ್ಸ್ ಎಂಬ ಅತಿ ವೇಗದ ತಿರುವಿನಲ್ಲಿ ಹ್ಯಾಮಿಲ್ಟನ್‌ರ ಮುಂಗಾಲಿ ವರ್ಸ್ಟಾಪನ್‌ರ ಹಿಂಗಾಲಿಗೆ ತಗುಲಿತು. ಪೂರ್ವಪದ ಹಾರಿ ಟೈರಿನ ಗೋಡೆಗೆ ಬಡಿಯಿತು; ಹೊಡೆತದ ಬಲ 51 ಜಿ. ಲೋಪವೇನೋ ನಿರ್ವಿವಾದ. ಅರ್ಥ ಕೆಟ್ಟಿತೇ ಎಂಬಲ್ಲಿ ಮಾತ್ರ ಎರಡು ಸಂಪ್ರದಾಯಗಳಿವೆ. ರೆಡ್‌ಬುಲ್ ಸಂಪ್ರದಾಯದ ಪ್ರಕಾರ ಕೆಟ್ಟಿತು, ಮರ್ಸಿಡಿಸ್ ಸಂಪ್ರದಾಯದ ಪ್ರಕಾರ ಇಲ್ಲ. ತೀರ್ಪುಗಾರರು ಹ್ಯಾಮಿಲ್ಟನ್‌ರಿಗೆ ಹತ್ತು ಸೆಕೆಂಡಿನ ದಂಡ ಹಾಕಿದರು. ಅವರು ಅದನ್ನು ಕಟ್ಟಿ, 52 ಸುತ್ತಿನ ಓಟದ 50ನೆಯ ಸುತ್ತಿನಲ್ಲಿ ಫೆರಾರಿಯ ಶಾರ್ಲ್ ಲೆಕ್ಲರ್ಕ್‌ರನ್ನು ಅದೇ ಕಾಪ್ಸ್‌ನಲ್ಲಿ ಹಿಂದಿಕ್ಕಿ ಗೆದ್ದರು. ಈ ಸಲ ಯಾವ ಸ್ವರವೂ ಬೀಳಲಿಲ್ಲ. ಒಂದೇ ಸಂಧಿಸ್ಥಾನ, ಒಂದೇ ಉತ್ತರಪದ, ಎರಡು ಫಲ. ವಿದ್ಯಾರ್ಥಿಗಳು ಎರಡನ್ನೂ ಉದಾಹರಣೆಯಾಗಿ ಬರೆಯಬಹುದು.

ಸೆಪ್ಟೆಂಬರ್ 12ರ ಮೊನ್ಜಾ ಪ್ರಸಂಗವನ್ನು ಕೆಲವರು ಲೋಪಸಂಧಿಗೆ ಸೇರಿಸುವುದುಂಟು. ಅದು ತಪ್ಪು. ಅಲ್ಲಿ ವರ್ಸ್ಟಾಪನ್‌ರ ಕಾರು ಹ್ಯಾಮಿಲ್ಟನ್‌ರ ಕಾರಿನ ಮೇಲೇರಿ ಕುಳಿತಿತು. ಚಾಲಕನ ತಲೆ ಕಾಯುವ ಹೇಲೋ ಎಂಬ ಟೈಟಾನಿಯಂ ಬಳೆ ಇರದಿದ್ದರೆ ಈ ಪ್ರಬಂಧ ನಗೆಯದಾಗುತ್ತಿರಲಿಲ್ಲ. ಒಂದರ ಕೆಳಗೊಂದು ಬಂದರೆ ಅದು ಸಂಧಿಯಲ್ಲ, ಒತ್ತಕ್ಷರ. ಇಬ್ಬರೂ ಓಟ ಮುಗಿಸಲಿಲ್ಲ. ಮೆಕ್ಲಾರೆನ್‌ನ ಡೇನಿಯಲ್ ರಿಕಿಯಾರ್ಡೊ ಗೆದ್ದರು.

4. ವಿಸಂಧಿ, ಅಥವಾ ಸಂಧಿ ಆಗಗೊಡದಿರುವುದು

ಸಂಧಿ ಆಗಬೇಕಾದಲ್ಲಿ ಆಗದಿದ್ದರೆ ಕಾವ್ಯದಲ್ಲಿ ಅದು ದೋಷ. ಓಟದಲ್ಲಿ ಅದು ಗುಣವೆಂದು ಸಾಧಿಸಿದವರು ಫರ್ನಾಂಡೊ ಅಲೊನ್ಸೊ, ಅದೂ ನಲವತ್ತು ತುಂಬಿದ ಮೂರನೆಯ ದಿನ.

ಆಗಸ್ಟ್ 1, ಹಂಗೆರಿ. ಮೊದಲ ಸುತ್ತಿನಲ್ಲೇ ರಾಶಿ ಅಪಘಾತವಾಗಿ ಓಟ ನಿಂತಿತು. ಮತ್ತೆ ಆರಂಭವಾಗುವ ಹೊತ್ತಿಗೆ ರಸ್ತೆ ಒಣಗಿತ್ತೆಂದು ಉಳಿದವರೆಲ್ಲ ಟೈರ್ ಬದಲಿಸಲು ಒಳಹೊಕ್ಕರು. ಆರಂಭದ ಗೆರೆಯಲ್ಲಿ ಹ್ಯಾಮಿಲ್ಟನ್ ಒಬ್ಬರೇ ನಿಂತಿದ್ದರು. ಉತ್ತರಪದವೇ ಇಲ್ಲದ ಪೂರ್ವಪದ! ಮದುವೆಮನೆಗೆ ಒಂದು ದಿನ ಮುಂಚೆ ಬಂದ ನೆಂಟನಂತೆ ಕಂಡರು. ಮರುಸುತ್ತಿಗೆ ತಾವೂ ಟೈರ್ ಬದಲಿಸಿ ಕಟ್ಟಕಡೆಗೆ ಬಿದ್ದು, ಒಬ್ಬೊಬ್ಬರನ್ನೇ ದಾಟುತ್ತ ಬಂದವರಿಗೆ ಅಲೊನ್ಸೊ ಎದುರಾದರು. ಅಲ್ಲಿಂದ ಹತ್ತು ಸುತ್ತು ಇವರು ಎಡಕ್ಕೆ ಹೋದರೆ ಅವರೂ ಎಡಕ್ಕೆ, ಇವರು ಬಲಕ್ಕೆ ಬಂದರೆ ಅವರೂ ಬಲಕ್ಕೆ. ಓಣಿಯಲ್ಲಿ ಎತ್ತಿನ ಗಾಡಿಯ ಹಿಂದೆ ಸಿಕ್ಕಿಕೊಂಡ ಬೈಕಿನವರಿಗೆ ಈ ಪ್ರಕರಣವನ್ನು ವಿವರಿಸಬೇಕಿಲ್ಲ. ಅಷ್ಟರಲ್ಲಿ ಅಲೊನ್ಸೊರ ಜೊತೆಗಾರ ಎಸ್ಟೆಬಾನ್ ಓಕಾನ್ ತಮ್ಮ ಮೊದಲ ಗೆಲುವನ್ನು ಕಂಡರು. ಅವರ ಹಿಂದೆ ಹ್ಯಾಮಿಲ್ಟನ್ ಗೆರೆ ಮುಟ್ಟಿದಾಗ ಅಂತರ ಮೂರು ಸೆಕೆಂಡೂ ಇರಲಿಲ್ಲ.

5. ಪ್ರಕೃತಿಭಾವ

‘ಅಣ್ಣಾ, ಓಡಿ ಬಾ’ ಎನ್ನುವಲ್ಲಿ ಸ್ವರದ ಮುಂದೆ ಸ್ವರ ಬಂದರೂ ಏನೂ ಆಗುವುದಿಲ್ಲ. ಎಳೆದು ಕರೆಯುವ ಆ ಸ್ವರ ಪ್ಲುತ, ಅದಕ್ಕೆ ಮೂರು ಮಾತ್ರೆ.

ಆಗಸ್ಟ್ 29, ಬೆಲ್ಜಿಯಂನ ಸ್ಪಾ. ಮಳೆ. ಓಟ ಶುರುವಾಗುವುದನ್ನೇ ಜನ ಮೂರು ಗಂಟೆಗೂ ಮಿಕ್ಕಿ ಕಾದರು. ಗಂಟೆಗೊಂದು ಮಾತ್ರೆಯಂತೆ ಎಣಿಸಿದರೆ ಶುದ್ಧ ಪ್ಲುತ. ಆಮೇಲೆ, ವೇಗ ತಡೆಯಲೆಂದು ಎಲ್ಲರ ಮುಂದೆ ಸಾಗುವ ಸೇಫ್ಟಿ ಕಾರಿನ ಹಿಂದೆ ಎಲ್ಲರೂ ತೇರಿನ ಹಿಂದಿನ ಭಕ್ತರಂತೆ ಕೆಲವೇ ಸುತ್ತು ಬಂದರು. ಯಾರೂ ಯಾರನ್ನೂ ಹಿಂದಿಕ್ಕಲಿಲ್ಲ, ಹಿಂದಿಕ್ಕುವುದಕ್ಕೆ ಅನುಮತಿಯೂ ಇರಲಿಲ್ಲ. ಅಷ್ಟಕ್ಕೇ ಓಟ ಮುಗಿಯಿತೆಂದು ಸಾರಿ ಅರ್ಧ ಅಂಕ ಹಂಚಿದರು: ವರ್ಸ್ಟಾಪನ್‌ರಿಗೆ 12.5, ಹ್ಯಾಮಿಲ್ಟನ್‌ರಿಗೆ 7.5. ಪೀಠಿಕೆಯಲ್ಲಿ ಕಂಡ ಅರ್ಧ ಅಂಕದ ತವರು ಇದೇ. ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುತ್ತಿದ್ದ ವೈಯಾಕರಣರ ವಂಶದವನಾದ ನನಗೆ ಅಂದು ಕಣ್ಣು ತೇವವಾಯಿತು.

6. ದ್ವಿರುಕ್ತಿ

ಇದು ಸಂಧಿಯಲ್ಲ, ಆದರೂ ಬಿಡಲಾಗದು. ‘ಬೇಗ ಬೇಗ’, ‘ಓಡಿ ಓಡಿ’ ಎಂಬಂತೆ ಹೇಳಿದ್ದನ್ನೇ ಹೇಳುವುದು ದ್ವಿರುಕ್ತಿ. ನವೆಂಬರ್‌ನಲ್ಲಿ ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ, ಹಿಂದಿನ ರೆಕ್ಕೆಯ ತೆರಪು 85 ಮಿಲಿಮೀಟರ್ ಮಿತಿಯನ್ನು 0.2 ಮಿಲಿಮೀಟರ್ ಮೀರಿತೆಂದು ಹ್ಯಾಮಿಲ್ಟನ್‌ರನ್ನು ಅರ್ಹತಾ ಸುತ್ತಿನಿಂದ ಅನರ್ಹಗೊಳಿಸಿದರು. ಹ್ರಸ್ವಕ್ಕೆ ದೀರ್ಘ ಬರೆದರೆ ನಾನೂ ಅಂಕ ಕಳೆಯುತ್ತಿದ್ದೆ, ಆದರೆ ಇಷ್ಟಲ್ಲ. ಶನಿವಾರದ ಕಿರು ಓಟದಲ್ಲಿ ಅವರು 20ನೆಯ ಸ್ಥಾನದಿಂದ 5ಕ್ಕೆ ಬಂದರು. ಎಂಜಿನ್ ಬದಲಿಸಿದ್ದಕ್ಕೆ ಮತ್ತೆ ಐದು ಸ್ಥಾನ ಕಳೆದುಕೊಂಡು, ಭಾನುವಾರ 10ರಿಂದ ಹೊರಟು ಗೆದ್ದರು. 15ಕ್ಕೆ 9 ಕೂಡಿದರೆ 24 ಸ್ಥಾನ. ದಾಟಿ ದಾಟಿ, ದಾಟಿ ದಾಟಿ.

7. ಆದೇಶಸಂಧಿ

ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಉತ್ತರಪದದ ಮೊದಲಕ್ಷರ ಇನ್ನೊಂದಕ್ಕೆ ಜಾಗ ಬಿಟ್ಟುಕೊಡುತ್ತದೆ. ಓಟದಲ್ಲಿ ಈ ಆದೇಶ ರೇಡಿಯೋದಲ್ಲಿ ಬರುತ್ತದೆ. ಮಾರ್ಚ್ 28ರಂದು ಬಹ್ರೇನ್‌ನಲ್ಲಿ ವರ್ಸ್ಟಾಪನ್ ನಾಲ್ಕನೆಯ ತಿರುವಿನಲ್ಲಿ ಹ್ಯಾಮಿಲ್ಟನ್‌ರನ್ನು ದಾಟಿದರು, ಆದರೆ ರಸ್ತೆಯ ಅಂಚು ಮೀರಿ. ಜಾಗ ಹಿಂದಿರುಗಿಸಬೇಕೆಂದು ಆದೇಶ ಬಂತು, ಹಿಂದಿರುಗಿಸಿದರು, 0.745 ಸೆಕೆಂಡಿನಿಂದ ಸೋತರು. ಪಠ್ಯಪುಸ್ತಕದ ಉದಾಹರಣೆ.

ಡಿಸೆಂಬರ್ 5ರ ಜೆಡ್ಡಾದಲ್ಲಿ ಇದೇ ಆದೇಶ ಮತ್ತೆ ಬಂತು. ವರ್ಸ್ಟಾಪನ್ ಜಾಗ ಕೊಡಲೆಂದು ವೇಗ ಇಳಿಸಿದರು. ಆದೇಶದ ಸುದ್ದಿ ಹ್ಯಾಮಿಲ್ಟನ್‌ರಿಗೆ ಇನ್ನೂ ಮುಟ್ಟಿರಲಿಲ್ಲ. ಮುಂದಿನವರು ನಿಧಾನವಾದದ್ದೇಕೆಂದು ತಿಳಿಯದೆ ಹೋಗಿ ಬೆನ್ನಿಗೆ ಗುದ್ದಿದರು. ಸೂತ್ರವನ್ನು ಎರಡೂ ಪದಗಳಿಗೆ ಏಕಕಾಲಕ್ಕೆ ಬೋಧಿಸಬೇಕು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

8. ಆಗಮಸಂಧಿ ಮತ್ತು ಸಿದ್ಧಾಂತ

ಮನೆ ಮತ್ತು ಅನ್ನು ಸೇರುವಾಗ ನಡುವೆ ಕರೆಯದೆ ಬಂದು ನಿಲ್ಲುವ ಯಕಾರವೇ ಆಗಮ. ಡಿಸೆಂಬರ್ 12, ಅಬುಧಾಬಿ. ಓಟ ಹ್ಯಾಮಿಲ್ಟನ್‌ರ ಕೈಯಲ್ಲಿತ್ತು. ಕೊನೆಗೆ ಕೆಲವೇ ಸುತ್ತುಗಳಿರುವಾಗ ಹಿಂದೆಲ್ಲೋ ಒಂದು ಕಾರು ಗೋಡೆಗೆ ಬಡಿಯಿತು. ಸೇಫ್ಟಿ ಕಾರು ಹೊರಬಂತು. ವರ್ಸ್ಟಾಪನ್ ಒಳಹೊಕ್ಕು ಹೊಸ ಮೆತ್ತನೆ ಟೈರ್ ಹಾಕಿಸಿಕೊಂಡರು. ಹ್ಯಾಮಿಲ್ಟನ್‌ರದು ಸವೆದ ಗಟ್ಟಿ ಟೈರ್. ಇಬ್ಬರ ನಡುವೆ ಮಾತ್ರ ಒಂದು ಸುತ್ತು ಹಿಂದುಳಿದ ಐದು ಕಾರು, ಐದು ಯಕಾರ.

ಹಾಗೆ ಹಿಂದುಳಿದವು ಒಟ್ಟು ಎಂಟಿದ್ದವು. ಓಟದ ನಿರ್ದೇಶಕರು ನಡುವಿನ ಐದಕ್ಕೆ ಮಾತ್ರ ಮುಂದೆ ಹೋಗಲು ಹೇಳಿ, ಕೊನೆಯ ಸುತ್ತಿಗೆ ಓಟ ಬಿಟ್ಟರು. ಐದನೆಯ ತಿರುವಿನಲ್ಲಿ ವರ್ಸ್ಟಾಪನ್ ಹಿಂದಿಕ್ಕಿದರು. ಜಗಜ್ಜೇತರಾದರು.

“ಟೈರ್ ತಾತಾ, ಎಲ್ಲಾ ಟೈರ್” ಎಂದ ಮೊಮ್ಮಗ. ಇದು ಪೂರ್ವಪಕ್ಷ. ಉತ್ತರ ಹೀಗಿದೆ: ಮರ್ಸಿಡಿಸ್ ದೂರು ಕೊಟ್ಟಾಗ ತೀರ್ಪುಗಾರರ ಮುಂದೆ ಚರ್ಚೆಯಾದದ್ದು ಟೈರಲ್ಲ, ಪದ. ನಿಯಮದಲ್ಲಿ ಹಿಂದುಳಿದ ‘ಎನಿ’ ಕಾರುಗಳು ಎಂದಿತ್ತು. ‘ಎನಿ’ ಎಂದರೆ ‘ಆಲ್’ ಅಲ್ಲ ಎಂದು ರೆಡ್‌ಬುಲ್ ವಾದಿಸಿತು. ದೂರು ವಜಾ ಆಯಿತು. ಲೋಕದ ಅತಿ ವೇಗದ ಆಟ, 22 ಓಟ, ಎರಡು ತಂಡಗಳ ಕೋಟಿಗಟ್ಟಲೆ ಹಣ, ಎಲ್ಲ ಬಂದು ನಿಂತದ್ದು ಒಂದು ವಿಶೇಷಣದ ಮೇಲೆ.

ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವನಿಗೆ ಇದರಲ್ಲಿ ಬೆರಗಿಲ್ಲ. ‘ಕೆಳಗಿನ ಎಂಟರಲ್ಲಿ ಯಾವುದಾದರೂ ಐದಕ್ಕೆ ಉತ್ತರಿಸಿ’ ಎಂದು ಎಷ್ಟು ಬಾರಿ ಬರೆದಿಲ್ಲ! ಎಂಟಕ್ಕೂ ಉತ್ತರ ಬರೆದು ಸುಸ್ತಾದ ಹುಡುಗರ ಮುಖ, ಆ ರಾತ್ರಿ ಕಾರಿನಿಂದಿಳಿಯದೆ ಕೂತ ಹ್ಯಾಮಿಲ್ಟನ್‌ರಂತೆಯೇ ಇರುತ್ತಿತ್ತು.

2022ರ ನಿಯಮಪುಸ್ತಕ ಬಂದಾಗ ಮೊಮ್ಮಗ ಮೊಬೈಲ್ ಹಿಡಿದು ಓಡಿ ಬಂದ. ‘ಎನಿ’ ಹೋಗಿ ಅದರ ಜಾಗಕ್ಕೆ ‘ಆಲ್’ ಆದೇಶವಾಗಿ ಬಂದಿತ್ತು. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ಅವನ ಪಠ್ಯಪುಸ್ತಕದ ಅಂಚಿನಲ್ಲೇ ಕನ್ನಡಕ್ಕೆ ಅನುವಾದಿಸಿ ಕೊಟ್ಟೆ: ಸೂಚನೆ, ಎಲ್ಲಾ ಪ್ರಶ್ನೆಗಳೂ ಕಡ್ಡಾಯ.